ವಯಸ್ಸು ಕೇಳಿದ್ದೇ ತಪ್ಪಾಯ್ತು

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಒತ್ತುವ ವಿಂಡೋದಲ್ಲಿ, "ನಿಮ್ಮ ವಯಸ್ಸೆಷ್ಟು?" ಎಂದು ಕೇಳಲು ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಜೊತೆಗೇ ಬರುವ ರೀಡ್‌ಲೈನ್ ಎಂಬ ಮಾಡ್ಯೂಲ್ ಸಾಕು. ಅದರ ಪ್ರಾಮಿಸ್ ರೂಪ ("ಉತ್ತರ ಆಮೇಲೆ ಕೊಡ್ತೀನಿ" ಎನ್ನುವ ಬಗೆ) ಬಳಸಿದರೆ, ಉತ್ತರಕ್ಕೆ ಕಾಯುವ ಒಂದೇ ಅವೈಟ್‌ನಲ್ಲಿ ಅದು ಕೈಗೆ. ಉತ್ತರ ಬಂತು, ವಂದನೆ ಹೇಳಿಯೂ ಆಯ್ತು, ಆದರೆ ಪ್ರೋಗ್ರಾಂ ಏಳುತ್ತಿಲ್ಲ. "ಬರ್ತೀನಿ" ಅಂತ ಹೇಳಿ ಹೊಸಿಲಲ್ಲೇ ಅರ್ಧ ಗಂಟೆ ನಿಲ್ಲುವ ನೆಂಟರ ಥರ. ಕ್ಲೋಸ್ ಕರೆಯುವ ತನಕ ರೀಡ್‌ಲೈನ್ ಕೀಬೋರ್ಡಿಗೆ ಕಿವಿಗೊಟ್ಟೇ ಇರುತ್ತದೆ. ಕ್ಲೋಸ್ ಅನ್ನು, ಎರರ್ ಬಂದರೂ ಓಡುವ ಫೈನಲಿ ಬ್ಲಾಕಿಗೇ ಹಾಕಿಬಿಡಿ.

ಇನ್ನು ಉತ್ತರದ ಕಥೆ. ಬಳಕೆದಾರರು ಬರೀ ಎಂಟರ್ ಒತ್ತುತ್ತಾರೆ. ಖಾಲಿ ಸ್ಟ್ರಿಂಗನ್ನು ನಂಬರ್ ಫಂಕ್ಷನ್‌ಗೆ ಕೊಟ್ಟರೆ ಸಿಗುವುದು 0, ಅಂದರೆ ಈಗಷ್ಟೇ ಹುಟ್ಟಿದ ಕೂಸು. ಯಾರೋ ಕನ್ನಡಾಭಿಮಾನದಿಂದ ೧೨ ಎಂದು ಒತ್ತಿದರೆ ಸಿಗುವುದು ನ್ಯಾನ್, ಅಂದರೆ "ಇದು ಸಂಖ್ಯೆಯಲ್ಲ"; ಕನ್ನಡ ಅಂಕಿ ಜಾವಾಸ್ಕ್ರಿಪ್ಟ್‌ಗೆ ಅಂಕಿಯೇ ಅಲ್ಲ. "18ಕ್ಕಿಂತ ಕಡಿಮೆಯಾದರೆ ಹೊರಗೆ" ಎಂದಷ್ಟೇ ಬರೆದಿದ್ದೀರಾ? ನ್ಯಾನ್ ಯಾವುದಕ್ಕಿಂತಲೂ ಕಡಿಮೆಯಲ್ಲ, ಹುಡುಗ ರಾಜಾರೋಷವಾಗಿ ಒಳಗೆ! ಮೊದಲು ಟ್ರಿಮ್ ಮಾಡಿ ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸಿ, ಖಾಲಿಯಾ ನೋಡಿ, ಆಮೇಲೆ ನಂಬರ್‌ಗೆ ಬದಲಿಸಿ ಪೂರ್ಣಾಂಕವಾ ಎಂದು ನಂಬರ್.ಈಸ್‌ಇಂಟಿಜರ್‌ನಿಂದ ನೋಡಿ. ತಪ್ಪಿದ್ದರೆ ಮತ್ತೆ ಕೇಳಿ, ಗದರಬೇಡಿ.

ಬಾಣದ ಗುರುತಿನ ಕೀಗಳಿಂದ ಆರಿಸುವ ಮೆನು ಬೇಕೆಂಬ ಆಸೆ ಹುಟ್ಟಿದಾಗ ನಿಜವಾದ ಪೀಕಲಾಟ ಶುರು. ಅದಕ್ಕೆ ರಾ ಮೋಡ್ ಆನ್ ಮಾಡಬೇಕು. ಆಗ ಪ್ರತಿ ಕೀಯೂ ಎಂಟರ್‌ಗೆ ಕಾಯದೆ ನೇರ ನಿಮ್ಮ ಕೋಡ್‌ಗೆ ಬರುತ್ತದೆ, ಕಂಟ್ರೋಲ್-ಸಿ ಕೂಡ. ಅದೀಗ ಪ್ರೋಗ್ರಾಂ ಕೊಲ್ಲುವ ಅಸ್ತ್ರವಲ್ಲ, 3ನೇ ನಂಬರಿನ ಬಡಪಾಯಿ ಅಕ್ಷರ. ನೀವೇ ಅದನ್ನು ಗುರುತಿಸಿ 130ರ ಎಕ್ಸಿಟ್ ಕೋಡ್ ("ಕಂಟ್ರೋಲ್-ಸಿಯಿಂದ ನಿಂತೆ" ಎಂದು ಹೇಳುವ ಸಂಖ್ಯೆ) ಕೊಟ್ಟು ಹೊರಡಬೇಕು. ಇಲ್ಲದಿದ್ದರೆ ಪಾಪದ ಬಳಕೆದಾರ ಒತ್ತುತ್ತಾನೆ, ಒತ್ತುತ್ತಾನೆ, ಕೊನೆಗೆ ವಿಂಡೋವನ್ನೇ ಮುಚ್ಚುತ್ತಾನೆ.

ಮೆನು ಚೆಂದ ಕಾಣಲೆಂದು ಕರ್ಸರ್ ಅಡಗಿಸಿದ್ದೀರಿ, ನಡುವೆ ಎರರ್ ಬಂತು. ನೋಡ್ ಹೊರಡುವಾಗ ರಾ ಮೋಡ್ ತೆಗೆದು ಹೋಗುತ್ತದೆ, ಕರ್ಸರ್ ಮಾತ್ರ ನಾಪತ್ತೆ. ಪ್ರೋಸೆಸ್‌ನ ಎಕ್ಸಿಟ್ ಈವೆಂಟ್‌ನಲ್ಲಿ ಅದನ್ನು ಮರಳಿ ತೋರಿಸುವ ಎಸ್ಕೇಪ್ ಕೋಡ್ (ಟರ್ಮಿನಲ್‌ಗೆ ಕೊಡುವ ಗುಪ್ತ ಆದೇಶದ ಅಕ್ಷರಗಳು) ಬರೆಯಿರಿ. ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಲ್ಲುವ ಕಿಲ್ -9 ಹೊಡೆದರೆ ಅದೂ ಓಡದು. ಆಗ ಲಿನಕ್ಸ್‌ನಲ್ಲಿ 'ಟಿಪುಟ್ ಸಿನಾರ್ಮ್' (tput cnorm) ಕಮಾಂಡ್ ಒತ್ತುವುದೇ ದಾರಿ, ಕರ್ಸರ್ ಕಾಣದಿದ್ದರೂ.

ಇಷ್ಟೆಲ್ಲ ಆದಮೇಲೆ ಯಾರೋ ಇದನ್ನು ಪೈಪ್‌ಗೆ ಜೋಡಿಸುತ್ತಾರೆ, ಅಂದರೆ ಕೀಬೋರ್ಡಿನ ಬದಲು ಬೇರೆ ಪ್ರೋಗ್ರಾಂನಿಂದ ಇನ್‌ಪುಟ್ ಕೊಡುತ್ತಾರೆ. ಇನ್‌ಪುಟ್ ಟರ್ಮಿನಲ್ ಅಲ್ಲದಿದ್ದರೆ ರಾ ಮೋಡ್ ಆನ್ ಮಾಡುವ ಸೆಟ್‌ರಾಮೋಡ್ ಎಂಬ ಫಂಕ್ಷನ್ನೇ ಇರುವುದಿಲ್ಲ, ಟೈಪ್‌ಎರರ್. ಮೊದಲೇ, ಇನ್‌ಪುಟ್ ಟರ್ಮಿನಲ್ಲೇ ಎಂದು ಹೇಳುವ ಈಸ್‌ಟಿಟಿವೈ ನೋಡಿ. ಟರ್ಮಿನಲ್ ಅಲ್ಲವಾದರೆ ವಯಸ್ಸನ್ನು ಕಮಾಂಡಿನ ಜೊತೆಗೇ ತೆಗೆದುಕೊಳ್ಳಿ. ಕಮಾಂಡಿನ ಪದಗಳ ಪಟ್ಟಿಯಾದ ಪ್ರೋಸೆಸ್.ಆರ್ಗ್‌ವಿಯಲ್ಲಿ ಮೊದಲ ಎರಡನ್ನು ಬಿಟ್ಟು ಓದಿ, ಅವು ನೋಡ್ ಮತ್ತು ನಿಮ್ಮ ಫೈಲಿನ ಹಾದಿ.