ಎದೆ ತುಂಬಲು ಬಿಟ್ಟರೆ ಹಾಲು ಹೆಚ್ಚುವುದಿಲ್ಲ: ಒಂದು ಸ್ಪಷ್ಟನೆ

"ಮೂರು ಗಂಟೆಗೊಮ್ಮೆ ಮಾತ್ರ ಮಗುವಿಗೆ ಎದೆಹಾಲು ಕೊಡಿ, ನಡುವೆ ಎದೆ ತುಂಬಲು ಬಿಡಿ, ಹಾಲು ಹೆಚ್ಚುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿ.

ಆಗುವುದು ಉಲ್ಟಾ. ಎದೆ ತುಂಬಿಕೊಂಡೇ ಇದ್ದರೆ ಹಾಲು ತಯಾರಾಗುವ ವೇಗ ಇಳಿಯುತ್ತದೆ, ಖಾಲಿಯಾದಷ್ಟೂ ಏರುತ್ತದೆ. ತಡೆದಿಟ್ಟರೆ ಎದೆ ಕಲ್ಲಿನಂತಾಗಿ ಬಾವು ಬರುವುದೂ ಉಂಟು. ಎಳೆಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುತ್ತದೆ, ಅದೂ ಸಮ ಅಂತರದಲ್ಲಲ್ಲ. ಸಂಜೆ ಹೊತ್ತು ಗಂಟೆಗೆ ಎರಡು ಸಲ ಕೇಳಬಹುದು. ಅದನ್ನೇ 'ಹಾಲು ಸಾಲ್ತಿಲ್ಲ' ಅಂದುಕೊಂಡು ಡಬ್ಬಿ ಹಾಲು ಶುರು ಮಾಡಿದರೆ ಮಗು ಚೀಪುವುದು ತಗ್ಗಿ, ನಿಜಕ್ಕೂ ಹಾಲು ಇಳಿಯುತ್ತದೆ.

ಬಾಯಿ ತೆರೆದು ತಲೆ ಅತ್ತಿತ್ತ ಹೊರಳಿಸುವುದು, ಕೈ ಚೀಪುವುದು ಹಸಿವಿನ ಗುರುತು. ಅಳುವವರೆಗೆ ಕಾಯಬೇಡಿ, ಅಳುವ ಮಗು ಎದೆ ಸರಿಯಾಗಿ ಹಿಡಿಯುವುದಿಲ್ಲ. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು, ಗದ್ದ ಎದೆಗೆ ತಾಗಬೇಕು. ಹಾಲು ತಯಾರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು, ಹಾಗಾಗಿ ರಾತ್ರಿ ಹಾಲು ತಪ್ಪಿಸಬೇಡಿ.

ಮೂರು ಗಂಟೆಯ ಲೆಕ್ಕ ಬೇಕಾಗುವುದು ಸದಾ ನಿದ್ದೆ ಮಾಡುವ ನವಜಾತ ಶಿಶುವಿಗೆ: ಅಷ್ಟರೊಳಗೆ ಎಬ್ಬಿಸಿ ಕುಡಿಸಬೇಕು.

ಎದೆಹಾಲು ತೆಗೆಯುವ ಪಂಪಿನಲ್ಲಿ ಎಷ್ಟು ಬಂತು ಎಂಬುದು ಹಾಲು ಸಾಲುತ್ತಿದೆಯೇ ಎನ್ನುವುದಕ್ಕೆ ಅಳತೆಯಲ್ಲ. ಐದನೇ ದಿನದಿಂದ ದಿನಕ್ಕೆ ಕನಿಷ್ಠ 6 ಸಲ ಉಚ್ಚೆ, ಎರಡು ವಾರದೊಳಗೆ ಮತ್ತೆ ಹುಟ್ಟಿದಾಗಿನ ತೂಕ, ಇಷ್ಟಿದ್ದರೆ ಹಾಲು ಸಾಲುತ್ತಿದೆ. ಇಲ್ಲವಾದರೆ ಅಂದೇ ಮಕ್ಕಳ ಡಾಕ್ಟರಿಗೆ ತೋರಿಸಿ.