ಕೇಳದೆ ಹಾಕಿದ ಅಪ್‌ಡೇಟ್, ಹಿಂದಿರುಗಲು ಬಿಡದ ಕಂಪನಿ

ಆರು ವರ್ಷ ಯಾವ ತಕರಾರೂ ಇಲ್ಲದೆ ಹಾಡುತ್ತಿದ್ದ ನಮ್ಮ ಮನೆಯ ವೈರ್‌ಲೆಸ್ ಸ್ಪೀಕರ್‌ಗಳನ್ನು ಅವುಗಳನ್ನು ತಯಾರಿಸಿದ ಕಂಪನಿಯೇ ಒಂದು ರಾತ್ರಿಯಲ್ಲಿ ಕೆಡಿಸಿಹಾಕಿದೆ. ಹಾಲ್‌ನಲ್ಲಿ ಜೋಡಿಯಾಗಿ ಎರಡು, ಅಡುಗೆಮನೆಯಲ್ಲಿ ಒಂದು, ಅಮ್ಮನ ಕೋಣೆಯಲ್ಲಿ ಒಂದು, ಹೀಗೆ ಒಟ್ಟು ನಾಲ್ಕು ಸ್ಪೀಕರ್‌ಗಳು. ನನ್ನಲ್ಲಿದ್ದ ಸಿ.ಡಿ.ಗಳನ್ನೆಲ್ಲ ರಜೆ ಸಿಕ್ಕಾಗಲೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ರೌಟರಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಲ್ಲಿ ಜೋಡಿಸಿಟ್ಟಿದ್ದೆ. ಹೊರಗಿನ ಇಂಟರ್ನೆಟ್ ಹೋದರೂ ಮನೆಯೊಳಗಿನ ಹಾಡು ನಿಲ್ಲುತ್ತಿರಲಿಲ್ಲ. ಸ್ಪೀಕರ್‌ಗಳನ್ನು ಕೊಂಡಿದ್ದೇ ಇದಕ್ಕಾಗಿ.

ಆ ರಾತ್ರಿ ಹಾಡು ಹಾಕಲು ಆ್ಯಪ್ ತೆರೆದರೆ ಹಳೆಯ ಪರದೆಯೇ ಇರಲಿಲ್ಲ. ಫೋನಿನಲ್ಲಿದ್ದ ಆ್ಯಪ್ ತಾನಾಗಿಯೇ ಹೊಸ ಆವೃತ್ತಿಗೆ ಹೋಗಿತ್ತು, ಸ್ಪೀಕರ್‌ಗಳು ಹಳೆಯ ಆವೃತ್ತಿಯಲ್ಲೇ ಇದ್ದವು, ಎರಡಕ್ಕೂ ಹೊಂದಾಣಿಕೆ ಇಲ್ಲ ಎಂಬ ಸೂಚನೆಯ ಕೆಳಗೆ ‘ಈಗಲೇ ಅಪ್‌ಡೇಟ್ ಮಾಡಿ’ ಎಂಬ ಒಂದೇ ಬಟನ್ ಇತ್ತು. ‘ನಾಳೆ’ ಎನ್ನಲು ಅವಕಾಶವಿಲ್ಲ, ‘ಬೇಡ’ ಎನ್ನಲಂತೂ ಇಲ್ಲವೇ ಇಲ್ಲ. ಅದನ್ನು ಒತ್ತುವವರೆಗೂ ನನ್ನ ಮನೆಯಲ್ಲಿ ನನ್ನ ಸ್ಪೀಕರಿನ ಧ್ವನಿಯನ್ನು ತಗ್ಗಿಸುವುದಕ್ಕೂ ಆ ಆ್ಯಪ್ ಬಿಡಲಿಲ್ಲ. ಏನೇನು ಬದಲಾಗುತ್ತದೆ ಎಂದು ತಿಳಿಯಲು ವಿವರಣೆಯನ್ನು ತೆರೆದು ನೋಡಿದೆ. ‘ದೋಷ ನಿವಾರಣೆ ಮತ್ತು ಕಾರ್ಯಕ್ಷಮತೆಯ ಸುಧಾರಣೆ’ ಎಂಬ ಒಂದೇ ಸಾಲು ಅಲ್ಲಿತ್ತು. ಆ ಸಾಲನ್ನು ನಂಬಿ ಒತ್ತಿದೆ. ಮೂರು ಸ್ಪೀಕರ್‌ಗಳು ಅಪ್‌ಡೇಟ್ ಮುಗಿಸಿದವು, ಅಡುಗೆಮನೆಯದು ಅರ್ಧದಲ್ಲೇ ಸಿಕ್ಕಿಕೊಂಡು ದೀಪ ಮಿನುಗಿಸುತ್ತ ನಿಂತಿತು.

ಗ್ರಾಹಕ ಸೇವೆಗೆ ಮೂರು ಬಾರಿ ಕರೆ ಮಾಡಿದೆ. ಮೂರು ಬಾರಿಯೂ ಬೇರೆ ಬೇರೆಯವರು ಸಿಕ್ಕರು, ಮೂವರೂ ಮೊದಲಿನಿಂದ ಎಲ್ಲವನ್ನೂ ಹೇಳಿಸಿಕೊಂಡರು, ಮೂವರೂ ರೌಟರ್ ಆಫ್ ಮಾಡಿ ಆನ್ ಮಾಡಲು ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರ ಮುಂದಿರುವ ಹಾಳೆಯಲ್ಲಿ ಬರೆದದ್ದನ್ನಷ್ಟೇ ಅವರು ಓದಬಲ್ಲರು. ಕೋಪವಿರುವುದು ಆ ಹಾಳೆಯನ್ನು ಬರೆದವರ ಮೇಲೆ. ಎರಡನೆಯ ಕರೆಯಲ್ಲಿ ನಾಲ್ಕೂ ಸ್ಪೀಕರ್‌ಗಳನ್ನು ಫ್ಯಾಕ್ಟರಿ ರಿಸೆಟ್ ಮಾಡಲು ಹೇಳಿದರು. ಸಿಕ್ಕಿಕೊಂಡಿರುವುದು ಒಂದೇ ಅಲ್ಲವೇ, ಸರಿಯಿರುವ ಮೂರನ್ನು ಏಕೆ ಮುಟ್ಟಬೇಕು ಎಂದು ಕೇಳಿದ್ದಕ್ಕೆ ‘ವಿಧಾನವೇ ಹಾಗೆ ಸಾರ್’ ಎಂಬ ಉತ್ತರ ಬಂತು. ರಿಸೆಟ್ ಮಾಡಿದೆ. ಹಾಲ್‌ನ ಜೋಡಿ ಒಡೆಯಿತು, ವರ್ಷಗಳಿಂದ ಸೇರಿಸಿಕೊಂಡು ಬಂದ ಹಾಡಿನ ಪಟ್ಟಿಗಳು ಹೋದವು, ಅಮ್ಮನ ಕೋಣೆಯ ಬೆಳಗಿನ ಅಲಾರಂ ಹೋಯಿತು. ಇವೆಲ್ಲ ಅಳಿಸಿಹೋಗುತ್ತವೆ ಎಂದು ರಿಸೆಟ್‌ಗೆ ಮೊದಲು ಯಾರೂ ಒಂದು ಮಾತು ಹೇಳಲಿಲ್ಲ.

ಮರಳಿ ಜೋಡಿಸುವುದೂ ಸುಲಭವಾಗಲಿಲ್ಲ. ರಿಸೆಟ್ ಆದ ಸ್ಪೀಕರ್ ತನ್ನದೇ ಒಂದು ತಾತ್ಕಾಲಿಕ ವೈಫೈ ತೆರೆಯುತ್ತದೆ, ಫೋನು ಅದಕ್ಕೆ ಸೇರಿ ಮನೆಯ ವೈಫೈ ಪಾಸ್‌ವರ್ಡನ್ನು ದಾಟಿಸಬೇಕು. ಆದರೆ ಆ ತಾತ್ಕಾಲಿಕ ಜಾಲದಲ್ಲಿ ಇಂಟರ್ನೆಟ್ ಇರುವುದಿಲ್ಲವಾದ್ದರಿಂದ ಫೋನು ಅದನ್ನು ಕೈಬಿಟ್ಟು ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಆ್ಯಪ್ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿದರೆ ಸಾಕು ಎಂಬುದು ಐದನೆಯ ಸಲಕ್ಕೆ ನನಗೇ ಹೊಳೆಯಿತು. ಇಷ್ಟು ಸಣ್ಣ ಮಾತನ್ನು ಆ ಪರದೆಯ ಮೇಲೆ ಬರೆಯಲು ಕಂಪನಿಗೆ ಏನು ಕಷ್ಟವಿತ್ತು?

ಕೊನೆಗೆ ಕಾರಣವನ್ನು ನಾನೇ ಹುಡುಕಿದೆ. ಅಡುಗೆಮನೆಯ ಸ್ಪೀಕರಿನ ಹಿಂಬದಿಯಲ್ಲಿರುವ ಈಥರ್ನೆಟ್ ಕಿಂಡಿಗೆ ರೌಟರಿನಿಂದ ಉದ್ದದ ಕೇಬಲ್ ಎಳೆದು ಸಿಕ್ಕಿಸಿದೆ. ನಾಲ್ಕು ದಿನ ಮಿನುಗುತ್ತಿದ್ದ ಅಪ್‌ಡೇಟ್ ಏಳೇ ನಿಮಿಷದಲ್ಲಿ ಮುಗಿಯಿತು. ಕೇಬಲ್ ತೆಗೆದ ಕೂಡಲೇ ಸ್ಪೀಕರ್ ಮತ್ತೆ ಆ್ಯಪ್‌ನಿಂದ ಕಾಣೆಯಾಯಿತು. ಜಾಲದ ಮೇಲೆ ಓಡಾಡುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಹಿಡಿದು ತೋರಿಸುವ ತಂತ್ರಾಂಶವನ್ನು ಹಾಕಿ ಒಂದು ಸಂಜೆ ಕುಳಿತ ಮೇಲೆ ವಿಷಯ ಬಯಲಾಯಿತು. ಮನೆಯಲ್ಲಿ ಯಾವ ಯಾವ ಸ್ಪೀಕರ್ ಇದೆ ಎಂದು ತಿಳಿಯಲು ಆ್ಯಪ್ ಜಾಲದಲ್ಲಿ ಅದಕ್ಕಾಗಿ ಕಿವಿಗೊಟ್ಟಿರುವ ಎಲ್ಲ ಸಾಧನಗಳಿಗೂ ಕೇಳುವಂತೆ ಒಂದೇ ಕೂಗು ಹಾಕುತ್ತದೆ, ಇದಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ. ಹಳೆಯ ಆ್ಯಪ್ ಎಸ್‌ಎಸ್‌ಡಿಪಿ ಎಂಬ ಕ್ರಮದಲ್ಲಿ 239.255.255.250 ವಿಳಾಸಕ್ಕೆ, 1900ನೇ ಪೋರ್ಟಿನಲ್ಲಿ ಕೂಗುತ್ತಿತ್ತು. ಹೊಸದು ಎಂಡಿಎನ್‌ಎಸ್ ಕ್ರಮದಲ್ಲಿ 224.0.0.251 ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಕೂಗುತ್ತದೆ. ವೈಫೈ ದೂರಕ್ಕೆ ಮುಟ್ಟಲೆಂದು ಅಡುಗೆಮನೆಗೆ ಹಾಕಿದ ಎಕ್ಸ್‌ಟೆಂಡರ್ ಮೊದಲನೆಯದನ್ನು ದಾಟಿಸುತ್ತಿತ್ತು, ಎರಡನೆಯದನ್ನು ದಾಟಿಸುತ್ತಿಲ್ಲ. ಸ್ಪೀಕರ್ ಅಲ್ಲೇ ಇದೆ, ಚೆನ್ನಾಗಿಯೇ ಇದೆ, ಕೂಗು ಮಾತ್ರ ಅದರ ಕಿವಿಗೆ ಬೀಳುತ್ತಿಲ್ಲ. ಹುಡುಕುವ ಕ್ರಮವನ್ನೇ ಬದಲಿಸಿದವರಿಗೆ ಇಂಥ ತೊಂದರೆಯಾಗಬಹುದು ಎಂಬುದು ತಿಳಿಯದೇ ಇರುತ್ತದೆಯೇ? ‘ಎಕ್ಸ್‌ಟೆಂಡರ್ ಬಳಸುತ್ತಿದ್ದೀರಾ’ ಎಂಬ ಒಂದೇ ಪ್ರಶ್ನೆ ಆ ಹಾಳೆಯಲ್ಲಿದ್ದಿದ್ದರೆ ನನ್ನ ನಾಲ್ಕು ದಿನಗಳು ಉಳಿಯುತ್ತಿದ್ದವು, ರಿಸೆಟ್‌ನ ಅಗತ್ಯವೂ ಬೀಳುತ್ತಿರಲಿಲ್ಲ.

ಇನ್ನು ಹಾರ್ಡ್ ಡಿಸ್ಕ್. ಹೊಸ ತಂತ್ರಾಂಶ ಅದನ್ನು ಗುರುತಿಸುವುದೇ ಇಲ್ಲ. ನನ್ನ ರೌಟರ್ ಫೈಲುಗಳನ್ನು ಹಂಚಿಕೊಳ್ಳುವುದು ಎಸ್‌ಎಂಬಿ ಎಂಬ ಕ್ರಮದ ಮೊದಲನೆಯ ಆವೃತ್ತಿಯಲ್ಲಿ, ಸ್ಪೀಕರ್‌ಗಳಲ್ಲಿ ಅದರ ಬೆಂಬಲವನ್ನೇ ತೆಗೆದುಹಾಕಿದ್ದಾರೆ. ತೆಗೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. 2017ರಲ್ಲಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್‌ಗಳನ್ನು ಒತ್ತೆಯಿಟ್ಟುಕೊಂಡ ವಾನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ವಿಂಡೋಸ್‌ನಲ್ಲಿ ಆ ಹಳೆಯ ಆವೃತ್ತಿಗಿದ್ದ ಬಿರುಕಿನ ಮೂಲಕವೇ, ಅದು ಎಂದಾದರೂ ಹೋಗಲೇಬೇಕಿತ್ತು. ಆದರೆ ಅದನ್ನು ಬಳಸುತ್ತಿರುವವರಿಗೆ ಮೂರು ತಿಂಗಳ ಮೊದಲೇ ತಿಳಿಸಿದ್ದರೆ ನಾನು ಬೇರೆ ಪೆಟ್ಟಿಗೆಗೆ ಹಾಡುಗಳನ್ನು ಸಾಗಿಸಿಕೊಳ್ಳುತ್ತಿದ್ದೆ. ಸ್ಪೀಕರ್ ಪ್ರತಿದಿನ ಆ ಡಿಸ್ಕನ್ನು ಓದುತ್ತಿತ್ತು, ಹಾಗಾಗಿ ನಾನು ಯಾವ ಆವೃತ್ತಿ ಬಳಸುತ್ತೇನೆಂದು ಆ್ಯಪ್‌ಗೆ ತಿಳಿದೇ ಇತ್ತು. ಬಟನ್ ಒತ್ತಿಸಿಕೊಳ್ಳುವ ಮುನ್ನ ‘ನಿಮ್ಮ ಸಂಗ್ರಹ ಇನ್ನು ಮುಂದೆ ತೆರೆಯುವುದಿಲ್ಲ’ ಎಂದು ಹೇಳುವುದನ್ನು ಬಿಟ್ಟು, ಇಂಥ ದೊಡ್ಡ ಕಡಿತವನ್ನು ‘ಸುಧಾರಣೆ’ ಎಂಬ ಪದದ ಕೆಳಗೆ ಅಡಗಿಸಿಟ್ಟದ್ದನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಹಳೆಯ ಆವೃತ್ತಿಗೆ ಹಿಂದಿರುಗಿಸಿ ಎಂದು ಬರೆದು ಕೇಳಿದೆ. ಸಾಧ್ಯವಿಲ್ಲ ಎಂದರು. ಫ್ಯಾಕ್ಟರಿ ರಿಸೆಟ್ ಎಂಬ ಹೆಸರು ಕೇಳಿ, ಯಂತ್ರ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ ಎಂದು ನಂಬಿದವನು ನಾನೊಬ್ಬನೇ ಆಗಿರಲಾರೆ. ನಮ್ಮ ಸ್ಪೀಕರಿನಲ್ಲಿ ಅದು ಅಳಿಸುವುದು ನಾವು ಮಾಡಿಕೊಂಡ ಹೊಂದಿಕೆಗಳನ್ನು ಮಾತ್ರ, ಅವರು ತುಂಬಿದ ಹೊಸ ತಂತ್ರಾಂಶ ಹಾಗೆಯೇ ಉಳಿಯುತ್ತದೆ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಆವೃತ್ತಿಯನ್ನು ಸ್ಪೀಕರ್ ಒಪ್ಪುವುದಿಲ್ಲ, ಹಳೆಯದಕ್ಕೆ ಅವರು ಈಗ ದಾರಿ ಬಿಡುವುದಿಲ್ಲ. ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಹೊಸದು ಏಳದಿದ್ದರೆ ಹಳೆಯದಕ್ಕೇ ಮರಳುವ ವ್ಯವಸ್ಥೆ 2016ರ ಆಂಡ್ರಾಯ್ಡ್ 7ರಿಂದಲೇ ಫೋನುಗಳಲ್ಲಿ ಬಂದಿದೆ. ತಂತ್ರ ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ, ಅದನ್ನು ನಮಗೆ ಕೊಡಲು ಇವರಿಗೆ ಮನಸ್ಸಿಲ್ಲ.

ನನ್ನ ಸಂಕಟವನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಅಮ್ಮನಿಗೆ ಕಣ್ಣು ಮಂಜು, ಫೋನಿನ ಅಕ್ಷರ ಕಾಣುವುದಿಲ್ಲ. ಸ್ಪೀಕರಿನ ತಲೆಯ ಮೇಲಿನ ಬಟನ್ ಒಮ್ಮೆ ಒತ್ತಿದರೆ ಹಿಂದೆ ಕೇಳುತ್ತಿದ್ದ ರೇಡಿಯೊ ಕೇಂದ್ರವೇ ಮತ್ತೆ ಹತ್ತುತ್ತಿತ್ತು. ಆರು ವರ್ಷಗಳಲ್ಲಿ ಆಕೆಯ ಬೆರಳು ಕತ್ತಲೆಯಲ್ಲೂ ಆ ಜಾಗವನ್ನು ಕಲಿತಿತ್ತು. ಈಗ ಒತ್ತಿದರೆ ಹಾಡನ್ನು ಆ್ಯಪ್‌ನಲ್ಲಿ ಆರಿಸಿಕೊಳ್ಳಿ ಎಂಬ ಸೂಚನೆಯ ಸದ್ದು ಮಾತ್ರ ಬರುತ್ತದೆ. ‘ನಾನೇನಾದರೂ ಕೆಡಿಸಿದೆನೇನೋ’ ಎಂದು ಆಕೆ ಎರಡು ದಿನ ನನಗೆ ಹೇಳದೆ ಸುಮ್ಮನಿದ್ದಳು ಎಂದು ತಿಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ಕಂಪನಿಯಿಂದ ಇಮೇಲ್ ಬಂದಿದೆ, ನನ್ನ ದೂರು ‘ಪರಿಹರಿಸಲಾಗಿದೆ’ಯಂತೆ. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಕೇಬಲ್ ಇನ್ನೂ ಬಿದ್ದಿದೆ, ಡಿಸ್ಕಿನ ಹಾಡುಗಳು ಡಿಸ್ಕಿನಲ್ಲೇ ಇವೆ. ದೂರನ್ನು ಮತ್ತೆ ತೆರೆಸಿದ್ದೇನೆ. ಈ ಸಲ ಕೇಳಿರುವುದು ಒಂದನ್ನೇ: ಅಮ್ಮನ ಬಟನ್ನನ್ನು ಮೊದಲಿದ್ದಂತೆ ಮಾಡಿಕೊಡಿ.