ಎದೆಗಾರ ಕಳ್ಳನ ಕವಲಲ್ಲ

ಕಳೆದ ಭಾನುವಾರ ಸರಸ್ವತೀಪುರಂನ ಗೆಳೆಯರೊಬ್ಬರ ಮನೆಯಲ್ಲಿ ಕೇಳಿದ ಒಂದು ಮಾತು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ. ನಾಲ್ಕು ತಿಂಗಳಿಂದ ರಾತ್ರಿ ಹೊತ್ತು ಕುಳಿತು ಬರೆದು, ಹೊಡೆದುಹಾಕಿ, ಮತ್ತೆ ಬರೆದ ‘ಎದೆಗಾರ’ ಎಂಬ, ಹಗ್ಗದ ಮೇಲೆ ನಡೆದು ಎಲ್ಲರೆದುರು ಸಾಹಸ ಮಾಡುವ ಪಾತ್ರವರ್ಗವನ್ನು ಅಂದು ಮೊದಲ ಬಾರಿಗೆ, ಪಾತ್ರ ಹೊತ್ತು ಕತೆ ಕಟ್ಟುವ ನಮ್ಮ ಆಟದ ಮೇಜಿನ ಮೇಲೆ ಇಟ್ಟಿದ್ದೆ. ಹನ್ನೊಂದು ಪುಟಗಳಲ್ಲಿ ಎರಡನ್ನು ತಿರುವಿಹಾಕಿದ ಹುಡುಗನೊಬ್ಬ, “ಸರ್, ಇಷ್ಟೆಲ್ಲ ಯಾಕೆ? ಕಳ್ಳನ ಕ್ಲಾಸಿಗೇ ನೆಗೆಯೋದಕ್ಕೆ ಐದು ಜಾಸ್ತಿ ಕೊಟ್ಟುಬಿಡಿ. ಈ ದೊಂಬರಾಟಕ್ಕೆ ಬೇರೆ ಕ್ಲಾಸ್ ಬೇಕಾ?” ಎಂದ. ಅವನು ಒಳ್ಳೆಯ ಹುಡುಗ, ಆಟವನ್ನು ನನಗಿಂತ ಚೆನ್ನಾಗಿ ಬಲ್ಲವನು. ಅದಕ್ಕೇ ಆ ಮಾತು ಹೆಚ್ಚು ಚುಚ್ಚಿತು. ಮೇಜಿನ ಬಳಿ ಏನೂ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನನ್ನನ್ನು ಬಲ್ಲವರಿಗೆ ಗೊತ್ತಿರುವಂತೆ ವಾರವೆಲ್ಲ ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಹೋಗಿ ಗಣಿತ ಪಾಠ ಮಾಡುವ ನಾನು, ಭಾನುವಾರ ಮಧ್ಯಾಹ್ನವನ್ನು ಮಾತ್ರ ಈ ಆಟಕ್ಕೆ ಎತ್ತಿಟ್ಟಿದ್ದೇನೆ. ಒಬ್ಬರು ಕತೆಯನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವನ್ನು ಹೊರುತ್ತಾರೆ, ಪಾತ್ರ ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ದಾಳದಲ್ಲಿ ಬಿದ್ದ ಅಂಕಿಗೆ ಪಾತ್ರದ ಪರಿಣತಿಯ ಅಂಕಿ ಸೇರಿಸಿದಾಗ ಗುರಿ ಮುಟ್ಟಿದರೆ ಗೆಲುವು. ಯೋಧ, ಮಾಂತ್ರಿಕ, ಕಳ್ಳ ಎಂಬ ಪಾತ್ರವರ್ಗಗಳು ಯಾರು ಏನನ್ನು ಮಾಡಬಲ್ಲರು ಎಂಬುದನ್ನು ಗೊತ್ತುಮಾಡುತ್ತವೆ. ಗೊತ್ತಿಲ್ಲದವರಿಗೆ ಇಷ್ಟು ಸಾಕು.

ಹುಡುಗನ ಮಾತಿಗೆ ಆಟದ ಚರಿತ್ರೆಯ ಬೆಂಬಲವೂ ಇದೆ ಎಂಬುದೇ ನನ್ನ ಸಂಕಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಹೊರತಂದಾಗ ಅದರಲ್ಲಿ ಇದ್ದದ್ದು ಯೋಧ, ಮಾಂತ್ರಿಕ ಮತ್ತು ಪುರೋಹಿತ ಎಂಬ ಮೂರೇ ವರ್ಗಗಳು. ಮರುವರ್ಷ ಬಂದ ಪುರವಣಿಯಲ್ಲಿ ಕಳ್ಳ ಸೇರಿಕೊಂಡ. ಹಗ್ಗದ ಮೇಲೆ ನಡೆಯುವ, ಗಳು ಊರಿ ನೆಗೆಯುವ, ಲಾಗ ಹಾಕುವ ಪಾತ್ರ ನಿಯಮಗಳ ಪುಸ್ತಕವನ್ನು ಸೇರಿದ್ದು 1985ರಲ್ಲಿ, ಅದೂ ಕಳ್ಳನ ಒಂದು ಕವಲಾಗಿ. ಕಳ್ಳನಾಗಿ ಐದು ಲೆವೆಲ್, ಅಂದರೆ ಆಡುತ್ತಾ ಪಾತ್ರ ಏರುವ ಹಂತಗಳು, ಕಳೆದು ಆರನೆಯದಕ್ಕೆ ಬಂದ ಮೇಲೆ, ಬೇಕಿದ್ದರೆ ಈ ದಾರಿ ಹಿಡಿಯಬಹುದು ಎಂದಿತ್ತು ಅಲ್ಲಿ. ಹಗ್ಗ ಹತ್ತಬೇಕಾದರೆ ಮೊದಲು ಜೇಬು ಕತ್ತರಿಸುವುದನ್ನು ಕಲಿತಿರಬೇಕು ಎಂದಾಯಿತು.

ಅಮೆರಿಕದ ಆಟಗಾರನಿಗೆ ಅದು ಬರೀ ನಿಯಮವಾಗಿ ಕಂಡಿದ್ದರೆ ನಾನು ತಪ್ಪು ಹೇಳಲಾರೆ. ಆದರೆ ನಾವು ಅದನ್ನು ಹಾಗೆಯೇ ಎತ್ತಿಕೊಳ್ಳುವುದು ಹೇಗೆ? ನಮ್ಮ ನೆಲದಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಎಂಬುದೊಂದು ಬಂದು, ಊರಿಂದೂರಿಗೆ ಅಲೆದು ಬದುಕುತ್ತಿದ್ದ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಅದು ರದ್ದಾಗುವುದಕ್ಕೆ 1952ರವರೆಗೆ ಕಾಯಬೇಕಾಯಿತು. ಕಾಯ್ದೆ ಹೋದರೂ ಬಾಯಿಮಾತು ಹೋಗಲಿಲ್ಲ. ಪಕ್ಷ ಬದಲಿಸುವ ರಾಜಕಾರಣಿಯನ್ನು ಬಯ್ಯುವುದಕ್ಕೂ ನಮಗೆ ‘ದೊಂಬರಾಟ’ ಎಂಬ ಪದವೇ ಬೇಕು. ಹಗ್ಗದ ಮೇಲೆ ನಿಂತು ಜೀವವನ್ನೇ ಒಡ್ಡುವ ವಿದ್ಯೆಯ ಹೆಸರು ಕಪಟಕ್ಕೆ ಅಡ್ಡಹೆಸರಾದದ್ದು ಹೇಗೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಆ ಹುಡುಗನೂ ಕೇಳಿಕೊಂಡಿರಲಿಲ್ಲ.

ಇದೆಲ್ಲವನ್ನು ಬದಿಗಿಟ್ಟು ಬರೀ ಆಟದ ವಿನ್ಯಾಸವಾಗಿ ನೋಡಿದರೂ ಎದೆಗಾರ ಕಳ್ಳನ ಕವಲಾಗಲು ಸಾಧ್ಯವಿಲ್ಲ. ಕಳ್ಳನ ವಿದ್ಯೆಯೆಲ್ಲ ಯಾರ ಕಣ್ಣಿಗೂ ಬೀಳದಿರುವುದರಲ್ಲಿದೆ. ಎದೆಗಾರನಿಗೆ ಎಲ್ಲರ ಕಣ್ಣೂ ಬೇಕು. ಕಳ್ಳ ಅಪಾಯವನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಮಾಡಿಕೊಂಡು ಒಳಗೆ ಹೋಗುತ್ತಾನೆ. ಎದೆಗಾರ ಎಲ್ಲರೆದುರು ನಿಂತು ಅಪಾಯವನ್ನು ತಾನಾಗಿ ಏರಿಸಿಕೊಳ್ಳುತ್ತಾನೆ. ಇಬ್ಬರ ಮೈಯೂ ಬಳುಕುತ್ತದೆ ಎಂಬ ಒಂದೇ ಕಾರಣಕ್ಕೆ ಒಂದೇ ವರ್ಗಕ್ಕೆ ಸೇರಿಸುವುದಾದರೆ, ಇಬ್ಬರೂ ಬೆಂಕಿಯ ಮುಂದೆ ಕೂರುತ್ತಾರೆಂದು ಕಮ್ಮಾರನನ್ನೂ ಅಡುಗೆಯವನನ್ನೂ ಒಂದೇ ಕಸುಬಿಗೆ ಸೇರಿಸಬೇಕಾಗುತ್ತದೆ.

ನಾನು ಎಂಟು ವರ್ಷದವನಿದ್ದಾಗ ತಾತನ ಜೊತೆ ಮದ್ದೂರಿನ ಸಂತೆಗೆ ಹೋಗಿದ್ದೆ. ಬೆಲ್ಲದ ಅಂಗಡಿಗಳ ಸಾಲು ಮುಗಿಯುವ ಕಡೆ, ಕತ್ತರಿಯಂತೆ ಕಟ್ಟಿದ ಎರಡು ಜೊತೆ ಗಳುಗಳ ನಡುವೆ ಹಗ್ಗ ಬಿಗಿದಿದ್ದರು. ನನ್ನದೇ ವಯಸ್ಸಿನ ಹುಡುಗಿ ತಲೆಯ ಮೇಲೆ ಹಿತ್ತಾಳೆ ಚೊಂಬಿಟ್ಟುಕೊಂಡು, ಕೈಯಲ್ಲಿ ಉದ್ದನೆಯ ಬಿದಿರು ಹಿಡಿದು ನಡೆಯುತ್ತಿದ್ದಳು. ನಾನು ನಿಂತ ಜಾಗದಿಂದ ಅವಳ ಪಾದಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಗ್ಗವನ್ನು ಕಚ್ಚಿಹಿಡಿದಿದ್ದಳು; ಹಿಂದಿನ ಕಾಲು ಹಗ್ಗ ಬಿಡುವ ಮೊದಲು ಪ್ರತಿಸಲವೂ ಒಮ್ಮೆ ನಡುಗುತ್ತಿತ್ತು. ಕೆಳಗೆ ತಮಟೆ ಬಡಿಯುತ್ತಿದ್ದವನು ಜನರನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನೂ ನೋಡುತ್ತಿರಲಿಲ್ಲ, ಆ ಪಾದಗಳನ್ನೇ ನೋಡುತ್ತಾ ಅವಳೊಂದಿಗೆ ಹೆಜ್ಜೆ ಹಾಕುತ್ತಿದ್ದ. ಅವಳು ಹಗ್ಗದ ನಡುವಿಗೆ ಬಂದಾಗ ತಮಟೆ ನಿಂತಿತು. ಆಗ ಒಬ್ಬ ಹೆಂಗಸು ತಟ್ಟೆ ಹಿಡಿದು ಗುಂಪಿನೊಳಗೆ ಬಂದಳು. ಹುಡುಗಿ ಇಳಿದ ಮೇಲಲ್ಲ, ಮೇಲಿರುವಾಗಲೇ. ತಾತ ಹಗ್ಗದಿಂದ ಕಣ್ಣು ತೆಗೆಯದೆ ಜೇಬಿಗೆ ಕೈ ಹಾಕಿ ಕೈಗೆ ಸಿಕ್ಕಿದ ನಾಣ್ಯವನ್ನು ಹಾಕಿಬಿಟ್ಟರು. ಆ ಹುಡುಗಿ ಶಾಲೆಯಲ್ಲಿ ಇರಬೇಕಾಗಿತ್ತು ಎಂಬುದು ಮೇಷ್ಟ್ರಾದ ನನಗೆ ಈಗ ಎಲ್ಲಕ್ಕಿಂತ ಮೊದಲು ತೋರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ತಟ್ಟೆ ಬಂದ ಗಳಿಗೆಯನ್ನು ನಾನು ಮರೆತಿಲ್ಲ. ನನ್ನ ಹನ್ನೊಂದು ಪುಟಗಳು ಹುಟ್ಟಿದ್ದು ಅಲ್ಲಿಂದಲೇ.

ಈಗ ಹುಡುಗ ಹೇಳಿದ ‘ಐದು ಜಾಸ್ತಿ’ ಎಂಬುದರ ಲೆಕ್ಕವನ್ನು ನೋಡಿ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ನಿಯಮಗಳಲ್ಲಿ ಕಳ್ಳನ ವರ್ಗ, ಅಂದರೆ ರೋಗ್, 11ನೇ ಲೆವೆಲ್‌ಗೆ ಬಂದಾಗ, ತನಗೆ ಪಳಗಿದ ಕೆಲಸಗಳಲ್ಲಿ ದಾಳ ಒಂಬತ್ತು ಅಥವಾ ಅದಕ್ಕಿಂತ ಕಡಿಮೆ ಬಿದ್ದರೂ ಹತ್ತು ಬಿದ್ದಂತೆಯೇ ಎಣಿಸಿಕೊಳ್ಳುತ್ತದೆ. ಮೈಚಳಕಕ್ಕೆ ಐದು, ವಿಶೇಷ ಪರಿಣತಿಗೆ ಎಂಟು ಸೇರಿಸಿದರೆ ಅವನ ಅತಿ ಕೆಟ್ಟ ಎಸೆತವೂ 23. ‘ಕಷ್ಟ’ ಎಂದು ಆ ನಿಯಮಗಳೇ ಕರೆಯುವ ಕೆಲಸದ ಗುರಿ 20. ಹಾಗಿದ್ದ ಮೇಲೆ ದಾಳ ಎಸೆಯುವುದು ಏಕೆ? ಒಂದು ವೇಳೆ ಬಿದ್ದನೆಂದೇ ಇಟ್ಟುಕೊಳ್ಳಿ. ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು. 60 ಅಡಿಯಿಂದ ಬಿದ್ದರೆ ಸರಾಸರಿ 21. ಅಷ್ಟು ಹೊತ್ತಿಗೆ ಅವನ ಪ್ರಾಣಾಂಕ, ಅಂದರೆ ಅವನು ತಾಳಬಲ್ಲ ಪೆಟ್ಟಿನ ಲೆಕ್ಕ, 80ರ ಆಸುಪಾಸಿನಲ್ಲಿರುತ್ತದೆ. ಆರು ಮಾಳಿಗೆಯ ಎತ್ತರದಿಂದ ಬಿದ್ದು, ಮೈ ಕೊಡವಿ ಎದ್ದು ನಡೆಯುತ್ತಾನೆ. ಬೀಳಲಾರದವನನ್ನು, ಬಿದ್ದರೂ ಏನೂ ಕಳೆದುಕೊಳ್ಳದವನನ್ನು ಸಾಹಸಿ ಎಂದು ಯಾವ ಬಾಯಿಂದ ಕರೆಯುವುದು? ಐದಲ್ಲ, ಐವತ್ತು ಜಾಸ್ತಿ ಕೊಟ್ಟರೂ ಎದೆಗಾರ ಹುಟ್ಟುವುದಿಲ್ಲ; ಕೊಟ್ಟಷ್ಟೂ ಅವನು ಸಾಯುತ್ತಾನೆ.

ನನ್ನ ವರ್ಗದಲ್ಲಿ ಮಾಡಿದ್ದು ಇಷ್ಟು. ಎದೆಗಾರ ನೆಲ ಬಿಟ್ಟು ಒಂದು ಸಾಹಸಕ್ಕೆ ಇಳಿದಾಗ, ದಾಳ ಎಸೆಯುವ ಮೊದಲೇ, ಅದರ ಕಷ್ಟವನ್ನು ಎಷ್ಟು ಮೆಟ್ಟಿಲು ಏರಿಸಿಕೊಳ್ಳುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಗುರಿ 12, ದಾಳಕ್ಕೆ ಸೇರುವ ಅವನ ಕೈಗುಣ ಐದು ಎಂದಾದರೆ, ಏನೂ ಏರಿಸದೆ ಎಸೆದಾಗ ಗೆಲ್ಲುವ ಸಾಧ್ಯತೆ ನೂರಕ್ಕೆ 70. ಒಂದೊಂದು ಮೆಟ್ಟಿಲಿಗೂ ಗುರಿ ಮೂರು ಹೆಚ್ಚುವುದರಿಂದ ಅದು 55, 40, 25 ಎಂದು ಇಳಿಯುತ್ತದೆ. ಗೆದ್ದರೆ ಮೇಜಿನ ಸುತ್ತ ಕುಳಿತ ಉಳಿದ ಆಟಗಾರರು ಬಟ್ಟಲಿನಿಂದ ಹುಣಸೆಬೀಜ ತೆಗೆದು ಅವನ ಮುಂದಿಡಬೇಕು: ಏರಿಸದಿದ್ದರೆ ಒಂದು, ಒಂದು ಮೆಟ್ಟಿಲಿಗೆ ಎರಡು, ಎರಡಕ್ಕೆ ಮೂರು, ಮೂರಕ್ಕೆ ನಾಲ್ಕು. ಆ ಬೀಜಗಳು ಕಣ್ಣಿಗೆ ಕಾಣುತ್ತವೆ, ಆದರೆ ಮೇಲಿರುವ ತನಕ ಖರ್ಚಿಗೆ ಬರುವುದಿಲ್ಲ. ತಾನಾಗಿ, ತನ್ನ ಕಾಲ ಮೇಲೆ ಇಳಿದರೆ ಮಾತ್ರ ಅವು ಅವನವು. ಎಸೆತ ಸೋತು ಬಿದ್ದರೆ ಎಲ್ಲವೂ ಮರಳಿ ಬಟ್ಟಲಿಗೆ.

ಗಣಿತದ ಮೇಷ್ಟ್ರಾಗಿ ನನಗೆ ಬಹಳ ಸಂತೋಷ ಕೊಟ್ಟ ಜಾಗ ಇದು. ಬರಿಗೈಯಲ್ಲಿ ಹೊರಟವನಿಗೆ ನಾಲ್ಕು ಆಯ್ಕೆಗಳ ಸರಾಸರಿ ಲಾಭ 0.7, 1.1, 1.2, 1.0 ಬೀಜ. ಹಾಗಾಗಿ ಮೊದಲು ಏರಿಸಿಕೊಳ್ಳುವುದೇ ಜಾಣತನ. ಆದರೆ ಮೂರು ಬೀಜ ಮುಂದೆ ಸೇರಿದೊಡನೆ, ಬಿದ್ದರೆ ಕಳೆದುಕೊಳ್ಳುವುದನ್ನೂ ಎಣಿಸಿದರೆ, ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ನಷ್ಟವೇ. ಲೆಕ್ಕ ‘ಇಳಿದುಬಿಡು’ ಎನ್ನುತ್ತದೆ. ಅಷ್ಟರಲ್ಲಿ ಇನ್ನೊಂದು ನಿಯಮವಿದೆ. ಒಂದು ಬೀಜದಿಂದ ಜೊತೆಗಾರನೊಬ್ಬ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಐದು ಬೀಜ ಒಟ್ಟಿಗೆ ಸೇರಿದರೆ ಮಾತ್ರ ಎದುರಿನ ಇಡೀ ಗುಂಪು ಆಯುಧ ಎತ್ತುವುದನ್ನು ಒಂದು ಸುತ್ತು ಮರೆತು ಮೇಲೆ ನೋಡುತ್ತಾ ನಿಲ್ಲುತ್ತದೆ. ಮೂರಕ್ಕೂ ಐದಕ್ಕೂ ನಡುವಿನ ಆ ಎರಡು ಬೀಜಗಳಲ್ಲಿ ನನ್ನ ವರ್ಗ ಇದೆ. ಅಲ್ಲಿ ಲೆಕ್ಕ ಕೈಬಿಡುತ್ತದೆ, ಎದೆ ಬೇಕಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆಂದು ಗೊತ್ತು, ಬಂದಿದೆ ಕೂಡ. ಆಟಕ್ಕೆ ಬರುವವರು ಗೆಲ್ಲುವುದಕ್ಕೆ ಬರುತ್ತಾರೆ. ವಾರವೆಲ್ಲ ಆಫೀಸಿನಲ್ಲಿ ಬಿದ್ದವರನ್ನು ಭಾನುವಾರವೂ ಬೀಳಿಸಬೇಕೆ ಎನ್ನುತ್ತಾರೆ. ಒಂದು ಕೆಟ್ಟ ಎಸೆತದಿಂದ ಸಂಜೆ ಕೆಡಬಾರದೆಂಬ ಕಾಳಜಿ ನನಗೂ ಇದೆ. ಆದರೆ ಇಲ್ಲಿ ಯಾರನ್ನೂ ಯಾರೂ ಬೀಳಿಸುತ್ತಿಲ್ಲ. ಎತ್ತರವನ್ನು ಬಾಯಿಬಿಟ್ಟು ಕೇಳಿದವನು ಆಟಗಾರನೇ. ಏರಿಸಿಕೊಳ್ಳದೆ ಇಳಿಯುವ ಹಕ್ಕು ಕೊನೆಯ ತನಕ ಅವನ ಕೈಯಲ್ಲೇ ಇದೆ. ಬೀಳದಂತೆ ಕಾಪಾಡುತ್ತೇವೆ ಎನ್ನುವ ನಿಯಮ ಆಟಗಾರನಿಗೆ ಗೌರವ ಕೊಡುವುದಿಲ್ಲ, ಅವನನ್ನು ಮಗುವಾಗಿ ಮಾಡುತ್ತದೆ.

ಬೀಳುವುದರ ಬಗ್ಗೆ ನಾನು ಇಷ್ಟೊಂದು ಹಟ ಹಿಡಿಯುವುದಕ್ಕೆ ಕಾರಣವಿದೆ, ಇದನ್ನು ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಎರಡು ವರ್ಷ ಮಲ್ಲಕಂಬ ಕಲಿತೆ. ಮೊದಲ ತಿಂಗಳು ಉಸ್ತಾದರು ಕಂಬ ಮುಟ್ಟಲು ಬಿಡಲಿಲ್ಲ, ಮಣ್ಣಿನ ಮೇಲೆ ಬೀಳುವುದನ್ನಷ್ಟೇ ಕಲಿಸಿದರು: ಭುಜ ಒಳಗೆ, ಗದ್ದ ಎದೆಗೆ, ಕೈ ಊರಬೇಡ. ಎರಡನೇ ವರ್ಷ, ಹರಳೆಣ್ಣೆ ಹಚ್ಚಿದ ಕಂಬದ ತುದಿಯಿಂದ ಜಾರಿದಾಗ ನಾನು ಕೈ ಊರಿದೆ. ಕೊರಳ ಎಲುಬು ಮುರಿಯಿತು. ಎಲುಬು ಆರು ವಾರದಲ್ಲಿ ಕೂಡಿಕೊಂಡಿತು, ನಾನು ಮಾತ್ರ ಗರಡಿಗೆ ಮರಳಿ ಹೋಗಲಿಲ್ಲ. ಹೋಗದಿದ್ದುದಕ್ಕೆ ನೋವು ಕಾರಣವಲ್ಲ, ಹೆದರಿಕೆ ಕಾರಣ. ಆದ್ದರಿಂದ ನನ್ನ ವರ್ಗದಲ್ಲಿ ಎದೆಗಾರ ಮೊದಲ ಲೆವೆಲ್‌ನಲ್ಲಿ ಪಡೆಯುವ ವಿದ್ಯೆ ನೆಗೆತವಲ್ಲ, ‘ಬೀಳುವ ವಿದ್ಯೆ’. ಬೀಜಗಳು ಹೋಗುತ್ತವೆ, ಪೆಟ್ಟೂ ಆಗುತ್ತದೆ. ಆದರೆ ಎಲ್ಲಿ ಬೀಳಬೇಕೆಂಬುದನ್ನು ಅವನೇ ಆರಿಸುತ್ತಾನೆ.

ಇಂಥದ್ದು ನಮ್ಮ ಊರಿಗೆ ಹೊರಗಿನದು ಎನ್ನುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದೇ ಮೈಸೂರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ, ಅಂದರೆ ಭಾಗಗಳಲ್ಲಿ, ಕೊನೆಯದು ಕೌತುಕನಿಧಿ. ಗಂಜೀಫಾ ಎಂಬ ಎಲೆಯಾಟದಂಥ ಆಟಗಳು ಬರುವುದು ಅದರಲ್ಲೇ, 122 ಆಸನಗಳ ಚಿತ್ರಗಳು ಬರುವುದೂ ಅದರಲ್ಲೇ. ಆ ಆಸನಗಳಲ್ಲಿ ಹಗ್ಗ ಹಿಡಿದು ಮಾಡುವಂಥವೂ ಇವೆ. ಕೂತು ಆಡುವ ಆಟವೂ ಹಗ್ಗಕ್ಕೆ ಮೈಯೊಡ್ಡುವ ಕಸರತ್ತೂ ಒಂದೇ ಹೊದಿಕೆಯೊಳಗೆ ಕೌತುಕವೆಂಬ ಹೆಸರಿನಲ್ಲಿ ಸೇರಿಕೊಂಡ ಊರಿದು.

ಭಾನುವಾರ ಆಟ ನಿಲ್ಲಲಿಲ್ಲ. ಬಿ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಎದೆಗಾರ್ತಿ ಚೆನ್ನಿಯ ಪಾತ್ರ ಹೊತ್ತಳು. ತುಂಬಿ ಹರಿಯುವ ಹೊಳೆಯ ಮೇಲೆ, ಎರಡು ಗೋಪುರಗಳ ನಡುವಿನ ಹಗ್ಗ, 60 ಅಡಿ. ಮೂರು ಬೀಜ ಸೇರಿದಾಗ ನಾನು ಸುಮ್ಮನೆ ಅವಳ ಮುಖ ನೋಡಿದೆ. ಅವಳು ಬೀಜಗಳನ್ನು ಬೆರಳಿನಿಂದ ಒಂದು ಸಾಲಿಗೆ ಸರಿಸಿ, “ಎರಡು ಮೆಟ್ಟಿಲು” ಎಂದಳು. 13 ಬೇಕಿತ್ತು, 11 ಬಿತ್ತು. ಯಾರೂ ಮಾತಾಡಲಿಲ್ಲ. ಬೀಜಗಳನ್ನು ಅವಳೇ ಎತ್ತಿ ಬಟ್ಟಲಿಗೆ ಹಾಕಿದಳು, ಹೊಳೆಯನ್ನು ಬಿಟ್ಟು ಶತ್ರುಗಳ ಡೇರೆಯ ಮೇಲೆ ಬೀಳುತ್ತೇನೆ ಎಂದಳು, ಪೆಟ್ಟಿನ ಆರು ದಾಳಗಳನ್ನು ತಾನೇ ಎಸೆಯುತ್ತೇನೆಂದು ಕೇಳಿ ತೆಗೆದುಕೊಂಡಳು. ದೊಂಬರಾಟ ಎಂದಿದ್ದ ಹುಡುಗ ಅಷ್ಟು ಹೊತ್ತಿಗೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ಅವನು ಇನ್ನೂ ಒಪ್ಪಿಲ್ಲ. ರಾತ್ರಿ ಮೆಸೇಜಿನಲ್ಲೂ ‘ಇದು ರೋಗ್ ಸಬ್‌ಕ್ಲಾಸೇ ಸರ್’ ಎಂದು ಬರೆದಿದ್ದಾನೆ.

ಅವನೇ ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಇನ್ನೂ ಸರಿಯಾದ ನಿಯಮವಿಲ್ಲ. ಶತ್ರು ಹಗ್ಗವನ್ನೇ ಕಡಿದರೆ ಬೀಜಗಳ ಗತಿಯೇನು? ತನ್ನ ಎಸೆತದಿಂದ ಬಿದ್ದವನೂ ಇನ್ನೊಬ್ಬರ ಕತ್ತಿಯಿಂದ ಬಿದ್ದವನೂ ಒಂದೇ ಅಲ್ಲ. ಅರ್ಧದಷ್ಟು ಬೀಜಗಳು ಉಳಿಯಲಿ ಎಂದು ಒಮ್ಮೆ ಬರೆದು ಹೊಡೆದುಹಾಕಿದೆ. ಈಗ, ಹಗ್ಗ ಕಡಿಯಲು ಹೋಗುವವನು ಮೊದಲು ಮೇಲೆ ನೋಡುವುದನ್ನು ನಿಲ್ಲಿಸಬೇಕು, ಅದಕ್ಕೆ ಅವನೂ ಒಂದು ದಾಳ ಎಸೆಯಬೇಕು ಎಂದು ಬರೆದಿದ್ದೇನೆ. ಮುಂದಿನ ಭಾನುವಾರ ಅದನ್ನು ಆಡಿ ನೋಡುತ್ತೇವೆ.